ಅವರು ಬೇಡವೆಂದು ಬಿಟ್ಟ ಮಟ್ಟು

ಶನಿವಾರ ನಮ್ಮ ಶಾಲೆಗೆ ಅರ್ಧ ದಿನ. ಹನ್ನೆರಡೂವರೆಗೆ ಗ್ರಂಥಾಲಯ ಮುಚ್ಚಿ, ಜಯನಗರ ಒಂಬತ್ತನೇ ಬ್ಲಾಕಿನ ಮನೆಗೆ ನಡೆದುಕೊಂಡು ಬಂದರೆ ಒಂದು ಗಂಟೆ. ಊಟ, ಪಾತ್ರೆ, ಒಗೆದು ಹಾಕಿದ ಬಟ್ಟೆಯನ್ನು ಬಿಸಿಲಿದ್ದ ಕಡೆಗೆ ತಿರುಗಿಸುವುದು. ಎರಡಕ್ಕೆ ಮತ್ತೆ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು. ಮೇಲಿನ ಮನೆಯವರು ನಾನು ಸಂಗೀತದ ಪಾಠಕ್ಕೆ ಹೋಗುತ್ತೇನೆಂದು ತಿಳಿದಿದ್ದರು. ನಾನು ಹೋಗುತ್ತಿದ್ದುದು ಬ್ಲೌಸು ಹೊಲಿಯುವ ಅಂಗಡಿಗೆ.

ಅಂಗಡಿ ಎಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಪಕ್ಕದಲ್ಲಿ ಜೆರಾಕ್ಸ್ ಅಂಗಡಿ. ಒಳಗೆ ಒಂದು ಮೆಷಿನ್, ಬಟ್ಟೆ ಕತ್ತರಿಸುವ ಹಲಗೆ, ಹ್ಯಾಂಗರಿನಲ್ಲಿ ತೂಗುವ ಮುಗಿದ ಬ್ಲೌಸುಗಳು, ಬಂದವರು ಕೂರಲು ಒಂದು ಸ್ಟೂಲು. ಹೊಲಿಯುವವರು ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಮನೆ ಬನಶಂಕರಿಯಲ್ಲಿ, ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಎರಡು ಕೋಣೆ. ಮನೇಲಿ ಬಾಯಿ ಬಿಟ್ಟು ಹಾಡೋಕೆ ಜಾಗ ಇಲ್ಲ ಎನ್ನುತ್ತಿದ್ದರು. ನನ್ನ ಮನೆಯಲ್ಲಿ ಜಾಗ ಬೇಕಾದಷ್ಟಿತ್ತು.

ಮೊದಲ ಸಲ ಹೋದದ್ದು ಒಂದು ತೋಳು ಬಿಗಿಯಾದ ಬ್ಲೌಸನ್ನು ಬಿಚ್ಚಿಸಲು. ಅವರು ಹೊಲಿಗೆ ಬಿಚ್ಚುತ್ತಾ ಏನೋ ಗುನುಗುತ್ತಿದ್ದರು. ಚೆನ್ನಾಗಿತ್ತು. ಯಾವ ಹಾಡು ಎಂದು ಕೇಳಿದೆ.

“ಯಾವ್ದೂ ಅಲ್ಲ ಮೇಡಂ. ಮೆಷಿನ್ ಓಡ್ತಿದ್ರೆ ಬಾಯಿ ಸುಮ್ನಿರಲ್ಲ, ಅಷ್ಟೆ.”

“ಮಾತಿಲ್ವಾ ಇದಕ್ಕೆ?”

“ಮಾತು ನನಗೆಲ್ಲಿ ಬರುತ್ತೆ. ತನನ ತನನ, ಮುಗೀತು.”

ಆ ವಾರ ಮೇಲಿನ ಮನೆಯವರ ಮಗಳಿಗೆ ಸೀಮಂತವಿತ್ತು. ಎಲ್ಲರೂ ಫೋನಿನಲ್ಲಿ ಇದ್ದ ಹಾಡನ್ನೇ ಹಾಕಿ ಕೂತಿರುತ್ತಾರೆಂದು ನನಗೆ ಗೊತ್ತಿತ್ತು. ಅಳತೆ ಬರೆಯುವ ಚೀಟಿಯ ಹಿಂಭಾಗದಲ್ಲಿ ಆ ಗುನುಗಿಗೆ ಹೊಂದುವ ಎಂಟು ಸಾಲು ಬರೆದೆ. ಅವರು ಓದಿ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, ಮೊದಲ ಸಾಲನ್ನು ಹಾಡಿದರು. ಅರ್ಧಕ್ಕೆ ನಿಂತು, “ಇಲ್ಲಿ ಎರಡಕ್ಷರ ಜಾಸ್ತಿ ಇದೆ, ಎಳೀತದೆ,” ಎಂದರು. ಕಂಕುಳಲ್ಲಿ ಬಟ್ಟೆ ಎಳೆಯುತ್ತದೆ ಎನ್ನುವ ದನಿಯಲ್ಲೇ. ನಾನು ಎರಡಕ್ಷರ ತೆಗೆದೆ. ಹಾಡು ಕೂತುಕೊಂಡಿತು.

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಸೀಮಂತ, ನಾಮಕರಣ, ಅರವತ್ತರ ಶಾಂತಿ, ಗೃಹಪ್ರವೇಶ. ಕೇಳಿದವರ ಮನೆಯ ಸಮಾಚಾರ ತಿಳಿದುಕೊಂಡು ಅವರಿಗಾಗಿಯೇ ಕಟ್ಟಿದ ಹಾಡು. ಹಾಡುವವರು ಆ ಮನೆಯ ಹೆಂಗಸರೇ. ನಾವು ಕಲಿಸಿ ಕೊಡುತ್ತಿದ್ದೆವು. ಕೆಲವೊಮ್ಮೆ ತಾಂಬೂಲದ ಜೊತೆ ಒಂದು ರವಿಕೆ ಕಣ ಬರುತ್ತಿತ್ತು, ಅದನ್ನು ಅವರೇ ನನಗೆ ಹೊಲಿದುಕೊಡುತ್ತಿದ್ದರು.

ಕಟ್ಟುವ ಬಗೆ ಹೀಗಿತ್ತು. ಅವರು ಮೆಷಿನ್ ತುಳಿಯುತ್ತಾ ಮಟ್ಟು ಹುಡುಕುವರು. ಉದ್ದನೆಯ ಹೊಲಿಗೆಗೆ ಒಂದು ನಡೆ ಬರುತ್ತಿತ್ತು, ತೋಳಿನ ಸುತ್ತು ಹೊಲಿಯುವಾಗ ಇನ್ನೊಂದು. ನಾನು ಸ್ಟೂಲಿನ ಮೇಲೆ ಕೂತು ಅಕ್ಷರ ಎಣಿಸಿಕೊಳ್ಳುವೆ. ನಾನು ಬರೆದದ್ದನ್ನು ಅವರು ಕತ್ತರಿಸುವರು. ಕತ್ತರಿಸುವುದರಲ್ಲಿ ಅವರಿಗೆ ದಯೆ ಇರಲಿಲ್ಲ.

“ಸೌಭಾಗ್ಯ ಬೇಡ ಮೇಡಂ. ಬಾಯ್ತುಂಬ ಆಗುತ್ತೆ. ಸುಖ ಅನ್ನಿ, ಸಾಕು.”

“ಸುಖ ಅಂದ್ರೆ ಬರೀ ಸುಖ. ಸೌಭಾಗ್ಯ ಅಂದ್ರೆ—”

“ಅರ್ಥ ನನಗೂ ಗೊತ್ತು. ಹಾಡೋರಿಗೆ ಉಸಿರು ಎಲ್ಲಿಂದ ತರ್ತೀರಿ? ನೀವು ಕೊಡ್ತೀರಾ?”

ಉಸಿರು ಅವರಿಗೆ ಮುಖ್ಯ. ಹಾಡುವವರು ಯಾರೂ ಹಾಡುಗಾರರಲ್ಲ, ಅಡುಗೆಮನೆಯಿಂದ ಕೈ ಒರೆಸಿಕೊಂಡು ಬರುವವರು, ಮಂಡಿ ನೋವಿನವರು, ನಾಚುವವರು. ಪ್ರತಿ ಸಾಲಿನ ಕೊನೆಗೆ ಅವರಿಗೆಂದು ಒಂಚೂರು ಖಾಲಿ ಬಿಡಬೇಕು ಎನ್ನುತ್ತಿದ್ದರು. ಆ ಖಾಲಿ ಜಾಗ ಕಂಡರೆ ನನಗೆ ಕೈ ಕಡಿಯುತ್ತಿತ್ತು. ಒಂದು ವಿಶೇಷಣ ತುಂಬಿಬಿಡುತ್ತಿದ್ದೆ. ಮುಂದಿನ ವಾರ ಅದು ಕತ್ತರಿಗೆ ಹೋಗುತ್ತಿತ್ತು.

ಹೀಗೆ ಒಮ್ಮೆ, ಪೋಸ್ಟಾಫೀಸಿನಿಂದ ನಿವೃತ್ತರಾದ ಒಬ್ಬರ ಅರವತ್ತಕ್ಕೆ ಕಟ್ಟಿದ ಹಾಡಿನಲ್ಲಿ ಎರಡು ಸಾಲು ಉಳಿದವು:

ಅರವತ್ತಾಯ್ತು ನಿಮಗೆ, ಇನ್ನೂ ಅವಸರ ಏಕೆ,
ಹಾಲು ಉಕ್ಕೋ ಮುಂಚೆ ಒಲೆ ಮುಂದೆ ನಿಲ್ಲೋದೇಕೆ.

ಆ ಮನೆಯ ಯಜಮಾನರು ನಿಜಕ್ಕೂ ದಿನಾ ಹಾಲಿನ ಮುಂದೆ ಕಾವಲು ನಿಲ್ಲುವವರಂತೆ. ಜನ ನಕ್ಕು ನಕ್ಕು ಸುಸ್ತಾದರು. ನಾನು ಬರೆದಿದ್ದ ಉಳಿದ ಹದಿನಾಲ್ಕು ಸಾಲು ಯಾವುದೆಂದು ಈಗ ನನಗೂ ನೆನಪಿಲ್ಲ.

ಆರು ವರ್ಷದಲ್ಲಿ ನಾನು ಅವರ ಮನೆಗೆ ಎರಡು ಸಲ ಹೋಗಿದ್ದೆ, ಅವರು ನನ್ನ ಮನೆಗೆ ಒಂದೇ ಸಲ, ಅದೂ ಗೇಟಿನವರೆಗೆ. ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಅಕ್ಕ ಅನ್ನಿ ಎಂದು ಒಂದು ಬಾರಿ ಹೇಳಿ ನೋಡಿದೆ. “ಆಯ್ತು ಮೇಡಂ,” ಎಂದರು.

ಹೋದ ವರ್ಷ ಮಾಘದಲ್ಲಿ ಒಂದು ಶನಿವಾರ ಅಂಗಡಿಗೆ ಹೋದಾಗ ಹಲಗೆಯ ಮೇಲೆ ನಾಲ್ಕು ರೇಷ್ಮೆ ಬ್ಲೌಸುಗಳು ಮಡಿಸಿದ್ದವು.

“ಯಾರದಿದು, ಇಷ್ಟು ಜೋರು?”

“ಬಿಟಿಎಮ್‌ನಲ್ಲಿದ್ದಾರಲ್ಲ, ನಮ್ಮ ಹಳೇ ಗಿರಾಕಿ. ಮಗನ ಮದ್ವೆ. ಹೇಳೋದೇ ಮರ್ತೆ ಮೇಡಂ, ಅವರಿಗೆ ಬೀಗರ ಹಾಡು ಬೇಕಂತೆ. ಒಪ್ಕೊಂಡ್ಬಿಟ್ಟೆ.”

“ನಾನೂ ಒಂದು ಬೀಗರ ಹಾಡು ಒಪ್ಪಿಕೊಂಡೇ ಬಂದಿದ್ದೀನಿ. ನಮ್ಮ ಸ್ಕೂಲಿನ ಲೆಕ್ಕದ ಟೀಚರ್ ಮಗಳ ಮದ್ವೆಗೆ.”

“ಒಳ್ಳೇದಾಯ್ತಲ್ಲ. ಯಾವ ಛತ್ರ?”

“ಜೆಪಿ ನಗರ. ಮೆಟ್ರೋ ಸ್ಟೇಷನ್ ಹಿಂದಿನ್ದು.”

ಮೆಷಿನ್ ನಿಧಾನವಾಯಿತು. “ಹುಡುಗ ಏನ್ಮಾಡ್ತಾನೆ ನಿಮ್ಮವನು?”

“ಹಲ್ಲಿನ ಡಾಕ್ಟ್ರು.”

ಅವರು ಪೆಡಲಿನಿಂದ ಕಾಲು ತೆಗೆದರು. “ನಮ್ಮವನೂ ಹಲ್ಲಿನ ಡಾಕ್ಟ್ರೇ.”

ಇಬ್ಬರೂ ನಕ್ಕೆವು.

ಬೀಗರ ಹಾಡೆಂದರೆ ಮದುವೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಎದುರಿಗೆ ನಿಂತು ಅವರನ್ನು ಗೇಲಿ ಮಾಡಿ ಹಾಡುವುದು. ಅದು ಮುಗಿದ ಮೇಲೆ ಅವರು ತಿರುಗಿಸಿ ಇವರನ್ನು ಆಡಿಕೊಂಡು ಹಾಡುವುದು. ಮುನಿಸಿಕೊಳ್ಳುವ ಹಾಗಿಲ್ಲ, ಮುನಿಸಿಕೊಂಡವರ ಮೇಲೆ ಇನ್ನೊಂದು ನುಡಿ ಬೀಳುತ್ತದೆ. ಈಗೆಲ್ಲ ಮರೆತೇಹೋಗಿದೆ. ಎಲ್ಲೋ ಕೆಲವು ಮನೆಯವರು ಆಸೆಪಟ್ಟು ಮಾಡಿಸುತ್ತಾರೆ. ಆ ಕಡೆಯವರು ಏನು ಹೇಳುತ್ತಾರೆಂದು ಈ ಕಡೆಯವರಿಗೆ ಗೊತ್ತಿರಬಾರದು. ಅದರ ರುಚಿ ಇರುವುದೇ ಅಲ್ಲಿ. ನಾವೋ ಎರಡು ಕಡೆಗೂ ಒಪ್ಪಿಕೊಂಡು ಕೂತಿದ್ದೆವು.

ಅಷ್ಟರಲ್ಲಿ ಹುಡುಗನ ತಾಯಿಯೇ ಬ್ಲೌಸು ಹಾಕಿ ನೋಡಲು ಬಂದರು. ದಪ್ಪ ದನಿಯ, ದೊಡ್ಡ ನಗುವಿನ ಹೆಂಗಸು. ವಿಷಯ ಕೇಳಿ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಎರಡೂ ಕ್ವೆಶ್ಚನ್ ಪೇಪರ್ ನೀವೇ ತೆಗೆದ್ರೆ ಪರೀಕ್ಷೆ ಏನ್ಬಂತು? ಒಂದ್ ಕೆಲ್ಸ ಮಾಡಿ. ಇವರು ನಮ್ಮ ಕಡೆ, ನೀವು ಆ ಕಡೆ. ಮದ್ವೆವರೆಗೂ ಹಾಡಿನ ಮಾತೇ ಆಡ್ಬೇಡಿ ಇಬ್ರೂ.”

“ಮೇಡಂಗೆ ಮಟ್ಟು?” ಎಂದು ಹೊಲಿಯುವವರು ಕೇಳಿದರು.

“ನಿಮಗೆ ಮಾತು ಹೇಗೋ ಹಾಗೆ. ಬಾಯಿ ಇದೆಯಲ್ಲ ಇಬ್ರಿಗೂ.”

“ಮೂರು ವಾರ ತಾನೆ,” ಎಂದು ಅವರು ನನ್ನ ಕಡೆ ನೋಡಿದರು. “ಈ ಮೂರು ಶನಿವಾರ ಈ ಕಡೆ ತಲೆ ಹಾಕ್ಬೇಡಿ ಮೇಡಂ. ಬಂದ್ರೆ ಬಾಗ್ಲು ಎಳ್ಕೊಂಡ್ಬಿಡ್ತೀನಿ.”

ತಮಾಷೆಗೇ ಹೇಳಿದರು. ನಾನೂ ನಕ್ಕೇ ಹೊರಟೆ. ಈಸ್ಟ್ ಎಂಡ್ ರಸ್ತೆ ದಾಟುವಾಗ ಮಾತ್ರ ಒಂದು ಯೋಚನೆ ಬಂದು ಕೂತಿತು. ನನಗೆ ಮಟ್ಟು ಸಿಗದಿದ್ದರೆ ಹೇಗೋ ನಡೆದೀತು. ಅವರಿಗೆ ಮಾತು ಸಿಕ್ಕಿಬಿಟ್ಟರೆ, ಆಮೇಲೆ ಶನಿವಾರ ಎರಡು ಗಂಟೆಗೆ ನಾನು ಎಲ್ಲಿಗೆ ಹೋಗಲಿ?

ಮಾತಿನ ಕೆಲಸ ನನಗೆ ಬೇಗ ಆಯಿತು. ಲೆಕ್ಕದ ಟೀಚರ್ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಲೇ ಬೀಗರ ಸಮಾಚಾರ ಕೊಟ್ಟರು. ಹುಡುಗನ ತಂದೆ ಮನೆ ಬಿಡುವಾಗ ಗೀಸರಿನ ಸ್ವಿಚ್ಚನ್ನು ಮೂರು ಸಲ ನೋಡಿ, ಲಿಫ್ಟಿನವರೆಗೆ ಹೋಗಿ ನಾಲ್ಕನೇ ಸಲಕ್ಕೆ ವಾಪಸ್ಸು ಬರುತ್ತಾರಂತೆ. ತಾಯಿ ಎಲ್ಲಿಗೆ ಊಟಕ್ಕೆ ಹೋದರೂ ತಮ್ಮ ಕೈಯ ನಿಂಬೆ ಉಪ್ಪಿನಕಾಯಿಯ ಬಾಟಲಿ ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಾರಂತೆ. ಹುಡುಗನ ಸೋದರತ್ತೆ ಮನೆಯವರ ಗುಟ್ಟನ್ನೆಲ್ಲ ಫೋನಿನ ಸ್ಪೀಕರ್ ಹಾಕಿಯೇ ಮಾತಾಡುತ್ತಾರಂತೆ. ಇಷ್ಟಿದ್ದ ಮೇಲೆ ಬರೆಯುವುದು ಕಷ್ಟವೇ? ಎರಡು ಸಂಜೆಯಲ್ಲಿ ಆರು ನುಡಿ ಬರೆದು ಮುಗಿಸಿದೆ.

ಬಂದಿರಿ ಬೀಗಿತ್ತಿ ಉಪ್ಪಿನಕಾಯಿಯ ಬಾಟಲಿ ಚೀಲದೊಳಡಗಿಸಿಕೊಂಡು,
ನಮ್ಮೆಲೆಯಂಚಲಿ ನಿಮ್ಮಯ ನಿಂಬೆಯ ನೀವೇ ಬಡಿಸಿದಿರಿ.

ಓದಿದರೆ ಜಿಗಿಯುತ್ತದೆ. ಹಾಡಲು ಹೋದರೆ ಜಾಗ ಬಿಟ್ಟು ಕದಲದು. ಮೊದಲನೆಯ ಶನಿವಾರ ಎರಡು ಗಂಟೆಗೆ ಬಾಗಿಲು ಹಾಕಿಕೊಂಡು, ಫೋನನ್ನು ಅಕ್ಕಿ ಡಬ್ಬಕ್ಕೆ ಆನಿಸಿ ನಿಲ್ಲಿಸಿ, ರೆಕಾರ್ಡ್ ಒತ್ತಿ ಹಾಡಿದೆ. ತಿರುಗಿ ಕೇಳಿದರೆ ಯಾರೋ ಪಾಠ ಒಪ್ಪಿಸುತ್ತಿದ್ದ ಹಾಗಿತ್ತು. ಇನ್ನೊಮ್ಮೆ ಪ್ರಯತ್ನಿಸಿದೆ. ಈ ಸಲ ಮಟ್ಟು ಬಂತು, ಆದರೆ ಎರಡನೇ ಸಾಲಿಗೆ ಬರುವಷ್ಟರಲ್ಲಿ ಅದು ನಮ್ಮ ಪೋಸ್ಟಾಫೀಸಿನ ಅರವತ್ತರ ಹಾಡೇ ಆಗಿಹೋಗಿತ್ತು. ಮೂರನೆಯದು ಮೊದಲ ಸೀಮಂತದ್ದು. ನನ್ನೊಳಗೆ ಇದ್ದ ಮಟ್ಟೆಲ್ಲ ಅವರದೇ. ಎಲ್ಲಿ ಕೈ ಹಾಕಿದರೂ ಆ ಮೆಷಿನ್ನಿನ ನಡೆ.

ಮೂರು ಗಂಟೆಗೆ ಕಾಫಿ ಮಾಡಿಕೊಂಡೆ. ಹಿತ್ತಲ ಗೋಡೆಯಾಚೆ ಯಾರೋ ಮಿಕ್ಸಿ ತಿರುಗಿಸುತ್ತಿದ್ದರು. ಅದು ನಿಂತ ಮೇಲೆ ಮನೆಯಲ್ಲಿ ನಾನು ಲೋಟ ಇಟ್ಟ ಸದ್ದೊಂದೇ. ಶನಿವಾರ ಮಧ್ಯಾಹ್ನ ಈ ಮನೆ ಹೇಗಿರುತ್ತದೆಂದು ನಾನು ಆರು ವರ್ಷದಿಂದ ನೋಡಿರಲಿಲ್ಲ. ಮೂರರಿಂದ ನಾಲ್ಕೂವರೆವರೆಗೆ ಕಿಟಕಿಯ ಬಿಸಿಲು ಮಂಚದಿಂದ ಇಳಿದು ನೆಲಕ್ಕೆ ಬಂದು ಬೀರುವಿನ ಕಾಲಿಗೆ ತಗುಲುತ್ತದೆ. ಅದನ್ನು ನೋಡುತ್ತಾ ಕೂತಿದ್ದೆ.

ಎರಡನೆಯ ಶನಿವಾರ ಮನೆಯಲ್ಲಿ ಇರಲಾಗದೆ ನಾಲ್ಕನೇ ಬ್ಲಾಕಿಗೆ ಹೋಗಿ ಬೇಡದ ತರಕಾರಿ ಕೊಂಡೆ. ಬರುವಾಗ ಬೇಕೆಂದೇ ಅವರ ಅಂಗಡಿಯ ಬೀದಿ ಬಿಟ್ಟು ಪಕ್ಕದ ಬೀದಿಯಲ್ಲಿ ಬಂದೆ. ಆ ಪಕ್ಕದ ಬೀದಿಗೂ ಮೆಷಿನ್ನಿನ ಸದ್ದು ಕೇಳಿಸುತ್ತದೆಂದು ನನಗೆ ಗೊತ್ತಿತ್ತು. ಮೆಷಿನ್ ಕೇಳಿಸಿತು. ಹಾಡು ಕೇಳಿಸಲಿಲ್ಲ. ಅದರಿಂದ ನನಗೆ ಸಮಾಧಾನವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಯಿತು.

ಆ ರಾತ್ರಿಯಲ್ಲ, ಮರುದಿನ ಬೆಳಿಗ್ಗೆ ದೋಸೆ ಹಿಟ್ಟು ಕಲಕುವಾಗ ಒಂದು ಮಟ್ಟು ನೆನಪಾಯಿತು. ಹಿಂದಿನ ವರ್ಷ ಅವರು ಯಾವುದೋ ಗೃಹಪ್ರವೇಶಕ್ಕೆಂದು ಗುನುಗಿ, ಅರ್ಧಕ್ಕೆ ಕೈಬಿಟ್ಟದ್ದು. “ಇದು ಬೇಡ ಮೇಡಂ, ಕುಂಟುತ್ತೆ,” ಎಂದು ಮತ್ತೆ ಅದರ ಸುದ್ದಿಗೇ ಹೋಗಿರಲಿಲ್ಲ. ನನಗೆ ಆಗಲೂ ಅದು ಕುಂಟುತ್ತದೆ ಅನ್ನಿಸಿರಲಿಲ್ಲ. ಉದ್ದನೆಯ ಸಾಲಿನ ಮಟ್ಟು; ನಿಲ್ಲದೆ ಹೋಗುತ್ತದೆ. ನನ್ನ ಬಾಟಲಿಯ ಸಾಲು ಅದರಲ್ಲಿ ಪೂರ್ತಿ ಹಿಡಿಸಿತು.

ತೆಗೆದುಕೊಂಡೆ. ಬೇಡವೆಂದು ಬಿಟ್ಟದ್ದಲ್ಲವೇ, ಬಿಟ್ಟದ್ದು ಯಾರದಾದರೇನು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಹಾಡಿನ ಮಾತು ಆಡಬಾರದೆಂಬ ಕಟ್ಟಳೆ ಇತ್ತಲ್ಲ, ಅದರ ಹಿಂದೆ ಅಡಗಿಕೊಂಡೆ.

ಮದುವೆಯ ದಿನ ಛತ್ರದಲ್ಲಿ ನಾನು ಹೆಣ್ಣಿನ ಕಡೆಯವಳು. ಲೆಕ್ಕದ ಟೀಚರ್ ನನ್ನ ಕೈಗೆ ಬೆಳ್ಳಿ ಕುಂಕುಮದ ಬಟ್ಟಲು ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು. ಬಂದವರೆಲ್ಲ, ನೀವು ಹುಡುಗಿಗೆ ಏನಾಗಬೇಕು ಎಂದು ಕೇಳುತ್ತಿದ್ದರು. ಅವಳ ತಾಯಿಯ ಸ್ಕೂಲಿನಲ್ಲಿ ಕೆಲಸ ಮಾಡುವವಳು ಎನ್ನುತ್ತಿದ್ದೆ. ಓ ಹಾಗಾ ಎಂದು ಕುಂಕುಮ ಇಟ್ಟುಕೊಂಡು ಒಳಗೆ ಹೋಗುತ್ತಿದ್ದರು.

ಹೊಲಿಯುವವರು ಹನ್ನೊಂದಕ್ಕೆ ಬಂದರು. ಗಂಡಿನ ಕಡೆಯ ಗುಂಪಿನ ಮಧ್ಯೆ, ನೇರಳೆ ಸೀರೆ. ಆ ಗುಂಪಿನ ಅರ್ಧ ಜನ ಉಟ್ಟ ಸೀರೆಗೆ ಅವರೇ ಹೊಲಿದ ಬ್ಲೌಸು. ದೂರದಿಂದ ನನ್ನ ಕಡೆ ಕೈ ಬೀಸಿ, ಬಾಯಿಗೆ ಬೆರಳಿಟ್ಟು, ಮಾತಾಡಬಾರದು ಎಂದು ಸನ್ನೆ ಮಾಡಿದರು. ಹುಡುಗನ ತಾಯಿ ಅವರ ಭುಜ ಹಿಡಿದು ಯಾರಿಗೋ ಪರಿಚಯ ಮಾಡಿಸುತ್ತಿದ್ದರು.

ಬೀಗರು ಎಲೆಯ ಮುಂದೆ ಕೂತರು. ಕೋಸಂಬರಿ, ಪಲ್ಯ ಬಡಿಸಿದ್ದಾಯಿತು. ಹುಡುಗಿಯ ಚಿಕ್ಕಮ್ಮಂದಿರು ಐದು ಜನ ಎದುರು ಸಾಲಾಗಿ ನಿಂತರು. ಅವರಿಗೆ ನಾನು ನಾಲ್ಕು ಸಂಜೆ ಹೇಳಿಕೊಟ್ಟಿದ್ದೆ. ಶುರುಮಾಡಿದರು. ಮೊದಲ ಸಾಲಿನ ಉಪ್ಪಿನಕಾಯಿಯವರೆಗೆ ಚೆನ್ನಾಗಿ ಹೋಯಿತು. ‘ಚೀಲದೊಳಡಗಿಸಿಕೊಂಡು’ ಬರುವಷ್ಟರಲ್ಲಿ ಇಬ್ಬರಿಗೆ ಉಸಿರು ಸಾಲದೆ ನಿಂತರು. ಒಬ್ಬರು ಎರಡನೇ ಸಾಲಿಗೆ ಹಾರಿದರು. ಉಳಿದ ಇಬ್ಬರು ಚೀಟಿ ನೋಡುತ್ತಿದ್ದರು. ಬೀಗರು ಕೈ ತಡೆದು, ನಗಬೇಕಾದ ಜಾಗ ಬರುತ್ತದೆಂದು ಮುಖ ಸಿದ್ಧಮಾಡಿಕೊಂಡು ಕೂತಿದ್ದರು. ಆ ಜಾಗ ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಗೀಸರಿನ ನುಡಿಗೆ ಹುಡುಗನ ತಂದೆ, “ಏನಂತೆ? ಏನಂತೆ?” ಎಂದು ಪಕ್ಕದವರನ್ನು ಕೇಳಿದರು. ನಾಲ್ಕನೆಯ ನುಡಿಗೆ ಸಾರು ಬಂತು. ಚಿಕ್ಕಮ್ಮಂದಿರು ಉಳಿದೆರಡು ನುಡಿ ಬಿಟ್ಟು ಕೂತುಬಿಟ್ಟರು. ಚಪ್ಪಾಳೆ ತಟ್ಟಿದರು ಎಲ್ಲರೂ. ಒಳ್ಳೆಯ ಜನ.

ಆ ಎಲೆಯ ಸಾಲಿನಲ್ಲಿ ಒಬ್ಬರು ಮಾತ್ರ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಮಟ್ಟು ಗುರುತು ಸಿಕ್ಕಿತ್ತು.

ಆಮೇಲೆ ಗಂಡಿನ ಕಡೆಯ ಸರದಿ. ಹೊಲಿಯುವವರು ಯಾರನ್ನೂ ಸಾಲಾಗಿ ನಿಲ್ಲಿಸಲಿಲ್ಲ, ಚೀಟಿಯನ್ನೂ ಕೊಟ್ಟಿರಲಿಲ್ಲ. ಕೂತಲ್ಲಿಂದಲೇ, ಎಡಗೈಯಲ್ಲಿ ಮೇಜು ತಟ್ಟುತ್ತಾ ಒಂದು ಸಾಲು ಹೇಳಿದರು. ಅವರ ಕಡೆಯವರೆಲ್ಲ ‘ಹೌದೇನ್ರಮ್ಮಾ’ ಎಂದು ದನಿಗೂಡಿಸಿದರು. ಅಷ್ಟೇ ಅವರ ಪಾಲು. ಅಷ್ಟು ಯಾರಿಗೆ ಬರುವುದಿಲ್ಲ?

ಕಾಫಿ ಕೊಟ್ರು, ಲೋಟ ದೊಡ್ದು — ಹೌದೇನ್ರಮ್ಮಾ,
ಊದಿ ನೋಡಿದ್ರೆ ನೊರೆಯೇ ಎಲ್ಲಾ — ಹೌದೇನ್ರಮ್ಮಾ.
ಹೆಣ್ಣಿನ ಅಪ್ಪ ನಗೋದೇ ಇಲ್ಲ — ಹೌದೇನ್ರಮ್ಮಾ,
ಫೋಟೋದೋನು ಕೈ ಮುಗಿದ್ಬಿಟ್ಟ — ಹೌದೇನ್ರಮ್ಮಾ.

ಹುಡುಗಿಯ ತಂದೆ, ಇಡೀ ದಿನ ಮುಖ ಬಿಗಿದುಕೊಂಡು ಓಡಾಡಿದವರು, ಹಪ್ಪಳದ ತಟ್ಟೆ ಹಿಡಿದು ನಿಂತಲ್ಲೇ ನಕ್ಕುಬಿಟ್ಟರು. ಬಡಿಸುವವರೂ ಹೌದೇನ್ರಮ್ಮಾ ಎನ್ನತೊಡಗಿದರು. ಮಾತು ನನಗೆಲ್ಲಿ ಬರುತ್ತೆ ಎಂದವರ ಮಾತು. ಒಂದೊಂದೂ ಅಡುಗೆಮನೆಯಿಂದ ಎದ್ದುಬಂದ ಹಾಗಿತ್ತು. ಎಲ್ಲಿಯೂ ಎಳೆಯುತ್ತಿರಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತು ಅಕ್ಷರ ಎಣಿಸಿದೆ. ಅಭ್ಯಾಸ. ಒಂದೂ ಜಾಸ್ತಿ ಇರಲಿಲ್ಲ.

ಕೊನೆಯ ನುಡಿಗೆ ಅವರು ನನ್ನ ಕಡೆ ತಿರುಗಿದರು.

ಹೆಣ್ಣಿನ ಕಡೆಗೆ ಲೈಬ್ರರಿ ಅಕ್ಕ — ಹೌದೇನ್ರಮ್ಮಾ,
ಹಾಡು ಕಟ್ಟಿದ್ಲು ಪುಸ್ತಕದಷ್ಟು — ಹೌದೇನ್ರಮ್ಮಾ.
ಅರ್ಥ ಹುಡುಕೋಕೆ ಹೋದೋರೆಲ್ಲ — ಹೌದೇನ್ರಮ್ಮಾ,
ಇನ್ನೂ ಊಟಕ್ಕೆ ಬಂದೇ ಇಲ್ಲ — ಹೌದೇನ್ರಮ್ಮಾ.

ಛತ್ರದ ಊಟದ ಮನೆ ನಗೆಯಿಂದ ತುಂಬಿಹೋಯಿತು. ನನ್ನ ಕಿವಿ ಬಿಸಿಯಾಯಿತು. ಹೆಣ್ಣಿನ ಕಡೆಯವರೇ ನನ್ನ ಬೆನ್ನು ತಟ್ಟಿ, “ನಿಮ್ಮನ್ನೂ ಬಿಡ್ಲಿಲ್ಲ ನೋಡಿ,” ಎಂದರು. ನಾನೂ ನಕ್ಕೆ. ಯಾರದೇ ಮದುವೆಯಲ್ಲಿ ಬೀಗರ ಹಾಡಿನಲ್ಲಿ ಗೇಲಿ ಮಾಡಿಸಿಕೊಳ್ಳಬೇಕಾದರೆ ಯಾರಿಗಾದರೂ ಬೀಗರೋ, ಅತ್ತೆಯೋ, ಚಿಕ್ಕಮ್ಮನೋ ಆಗಿರಬೇಕು. ಐವತ್ತಮೂರು ವರ್ಷಕ್ಕೆ ಮೊದಲ ಸಲ ನಾನೊಂದು ಹಾಡಿನಲ್ಲಿದ್ದೆ. ಅಕ್ಕ ಎಂದೂ ಅನ್ನಿಸಿಕೊಂಡೆ. ಅದರ ಸಂತೋಷವೂ, ಅವರಿಗೆ ಇನ್ನು ನನ್ನ ಮಾತು ಬೇಕಿಲ್ಲ ಎಂಬ ತಿಳಿವೂ ಒಟ್ಟಿಗೇ ಬಂದವು. ಯಾವುದನ್ನು ಮೊದಲು ಅನುಭವಿಸಲಿ ಎಂದು ತಿಳಿಯದೆ ಪಾಯಸ ಬಡಿಸುವವರಿಗೆ ದಾರಿ ಬಿಟ್ಟು ನಿಂತೆ.

ಕೈ ತೊಳೆಯುವಲ್ಲಿ ಸಿಕ್ಕರು.

“ಆ ಮಟ್ಟು ನಾನು ಬಿಟ್ಟಿದ್ದಲ್ವಾ ಮೇಡಂ?”

“ಹೌದು.”

“ಯಾಕೆ ಬಿಟ್ಟಿದ್ದೆ ಅಂತ ಈಗ ಗೊತ್ತಾಯ್ತಾ?”

“ಕೇಳ್ಬೇಕಿತ್ತು ನಾನು. ತಪ್ಪಾಯ್ತು.”

“ಅಯ್ಯೋ, ಅದಕ್ಕಲ್ಲ. ಒಳಗೆ ಬಟ್ಟೆ ಬಿಡದೆ ಕತ್ತರಿಸಿದ್ದು ಅದು, ಉಸಿರಿಗೆ ಜಾಗ ಇಲ್ಲ. ಯಾರಿಗೂ ಆಗಲ್ಲ.” ಸೆರಗಿನಲ್ಲಿ ಕೈ ಒರೆಸಿಕೊಂಡರು. “ನನ್ನದು ಹೇಗಿತ್ತು?”

“ಚೆನ್ನಾಗಿತ್ತು. ಆ ಲೈಬ್ರರಿ ನುಡಿ ಆಗ ಅಲ್ಲೇ ಕಟ್ಟಿದ್ದಾ?”

“ಇಲ್ಲಪ್ಪ, ಮೊದ್ಲೇ ಕಟ್ಟಿದ್ದೆ. ನೀವು ಎಷ್ಟುದ್ದ ಬರೀತೀರಿ ಅಂತ ನನಗೆ ಗೊತ್ತಿಲ್ವಾ?”

ಅಷ್ಟರಲ್ಲಿ ಹುಡುಗನ ತಾಯಿ ಅವರನ್ನು ಫೋಟೋಗೆ ಕರೆದರು.

ಮುಂದಿನ ಎರಡು ಶನಿವಾರ ನಾನು ಹೋಗಲಿಲ್ಲ. ಒಂದಕ್ಕೆ ಶೀತ ಎಂದು ಮೆಸೇಜ್ ಹಾಕಿದೆ, ಇನ್ನೊಂದಕ್ಕೆ ಏನೂ ಹಾಕಲಿಲ್ಲ. ಮೂರನೆಯದಕ್ಕೆ ಹೋದೆ. ಬೀದಿಯ ತಿರುವಿನಲ್ಲೇ ನಗು ಕೇಳಿಸಿತು. ಹುಡುಗನ ತಾಯಿ ಸ್ಟೂಲಿನ ಮೇಲೆ ಕೂತಿದ್ದರು, ಅವರ ಕಡೆಯ ಇನ್ನಿಬ್ಬರು ಮೆಟ್ಟಿಲ ಮೇಲೆ. ಯಾವುದೋ ನಾಮಕರಣಕ್ಕೆ ಹಾಡು ಕಟ್ಟುತ್ತಿದ್ದರು. ಒಬ್ಬರು ಒಂದು ಮಾತು ಎಸೆಯುವರು, ಇನ್ನೊಬ್ಬರು ಅದನ್ನು ಹಂಗಿಸುವರು, ಹೊಲಿಯುವವರು ಮೆಷಿನ್ ತುಳಿಯುತ್ತಾ ಬೇಕಾದ್ದನ್ನು ಆರಿಸಿಕೊಳ್ಳುವರು.

“ಬನ್ನಿ ಮೇಡಂ, ಬನ್ನಿ. ಒಳ್ಳೇ ಟೈಮಿಗೆ ಬಂದ್ರಿ,” ಎಂದರು. ಮತ್ತೆ ಮೇಡಂ.

“ಏಳ್ತೀನಿ ತಡೀರಿ,” ಎಂದು ಹುಡುಗನ ತಾಯಿ ಅರ್ಧ ಎದ್ದರು. ಬೇಡ ಕೂತ್ಕೊಳ್ಳಿ ಎಂದೆ. ಜೆರಾಕ್ಸ್ ಅಂಗಡಿಯ ಗೋಡೆಗೆ ಒರಗಿ ನಿಂತೆ.

ಹೊಸ ಹಾಡನ್ನು ಮೊದಲಿಂದ ಕೊನೆವರೆಗೆ ಹಾಡಿ ತೋರಿಸಿದರು. “ಹೇಗಿದೆ? ನಿಮ್ಮ ಕೈ ಎಲ್ಲಿ ಬೀಳ್ಬೇಕು ಹೇಳಿ.”

ಕೇಳುವಾಗಲೇ ನಾನು ಹುಡುಕುತ್ತಿದ್ದೆ. ಮೂರನೇ ಸಾಲಿನಲ್ಲಿ ಒಂದು ಕಡೆ, ಹಳೆಯ ನಾನಾಗಿದ್ದರೆ ಮಾತೊಂದನ್ನು ಬದಲಿಸುತ್ತಿದ್ದೆ. ಬದಲಿಸಿದ್ದರೆ ಹಾಡು ಕೆಡುತ್ತಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

“ಏನೂ ಮುಟ್ಟಬೇಡಿ,” ಎಂದೆ.

“ಏನೂ ಇಲ್ವಾ?” ಅವರ ಮುಖ ಸ್ವಲ್ಪ ಇಳಿಯಿತು ಅನ್ನಿಸಿತು. ಅದು ನನಗೆ ಬೇಕಾಗಿದ್ದರಿಂದ ಹಾಗೆ ಕಂಡಿತೋ ಏನೋ. ಹುಡುಗನ ತಾಯಿ, “ನಾನು ಹೇಳ್ಲಿಲ್ವಾ, ಪಾಸು,” ಎಂದು ತೊಡೆ ತಟ್ಟಿಕೊಂಡರು. ನಾನು ಹಾಲು ತರಬೇಕೆಂದು ಹೇಳಿ ಹೊರಟೆ.

ಆಮೇಲೆ ಅವರೇ ಫೋನ್ ಮಾಡಿದರು. “ಶನಿವಾರ ಇವ್ರೆಲ್ಲ ಇರ್ತಾರೆ, ಗಲಾಟೆ. ಬುಧವಾರ ಸ್ಕೂಲ್ ಬಿಟ್ಟ್ಮೇಲೆ ಬನ್ನಿ. ಆಗ ಯಾರೂ ಬರಲ್ಲ.” ಅದನ್ನು ಹೇಳುವ ಮುಂಚೆ ಸ್ವಲ್ಪ ಯೋಚಿಸಿದ್ದರೆಂದು ದನಿಯಿಂದ ಗೊತ್ತಾಯಿತು.

ಮೊದಲ ಬುಧವಾರ ಒಂದು ಚೀಟಿ ತೆಗೆದುಕೊಂಡು ಹೋದೆ. ನಾಲ್ಕು ಸಾಲು. ಬರೆಯಲು ಒಂದು ತಿಂಗಳು ಹಿಡಿದಿತ್ತು, ಅದರಲ್ಲಿ ಹೆಚ್ಚಿನ ದಿನ ತೆಗೆದುಹಾಕುವುದಕ್ಕೇ ಹೋಗಿತ್ತು.

ಒಬ್ಬರಿಗೆ ಅನ್ನ ಇಡೋದು
ಇನ್ನೂ ಬರಲಿಲ್ಲ ನನಗೆ.
ಒಂದು ಹಿಡಿ ಜಾಸ್ತಿ ಆಗುತ್ತೆ,
ಯಾರೋ ಬರೋ ಹಾಗೆ.

ಅವರು ಓದಿದರು. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು.

“ಇದು ಯಾವ ಫಂಕ್ಷನ್ನಿಗೆ ಮೇಡಂ?”

“ಯಾವುದಕ್ಕೂ ಅಲ್ಲ.”

“ಹಾಡೋರು ಯಾರು?”

“ಗೊತ್ತಿಲ್ಲ.”

ಅವರು ಮೆಷಿನ್ ತುಳಿದರು. ಉದ್ದನೆಯ ಹೊಲಿಗೆ ಒಂದು ಹಾಕಿದರು. ಬಾಯಿ ಸುಮ್ಮನಿತ್ತು. ತೋಳಿನ ಸುತ್ತು ಮುಗಿಸಿ, ದಾರ ಕತ್ತರಿಸಿ, “ಕತ್ತರಿಸೋಕೆ ಏನೂ ಇಲ್ಲ ಇದ್ರಲ್ಲಿ,” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಮಟ್ಟು ಬರ್ತಾ ಇಲ್ಲ. ಇಟ್ಟಿರ್ತೀನಿ,” ಎಂದು ಚೀಟಿಯನ್ನು ಗುಂಡಿಯ ಡಬ್ಬದ ಕೆಳಗೆ ಇಟ್ಟರು.

ಅದಾಗಿ ಈಗ ಎಂಟು ತಿಂಗಳು. ಬುಧವಾರ ನಾಲ್ಕೂವರೆಗೆ ಹೋಗುತ್ತೇನೆ. ಸ್ಟೂಲು ಖಾಲಿ ಇರುತ್ತದೆ. ಬ್ಲೌಸಿಗೆ ಹುಕ್ಕು ಹಾಕಿಕೊಡುತ್ತೇನೆ, ಅಷ್ಟು ಕಲಿತಿದ್ದೇನೆ. ಹೆಣ್ಣುಮಕ್ಕಳ ಪರೀಕ್ಷೆ, ಅತ್ತೆಯ ಕಣ್ಣಿನ ಆಪರೇಷನ್ನು, ಶನಿವಾರದವರು ಕಟ್ಟಿದ ಹೊಸ ಹಾಡು, ಎಲ್ಲ ಹೇಳುತ್ತಾರೆ. ಕೆಲವೊಮ್ಮೆ ನಡುವೆ ಮಾತು ನಿಂತು ಮೆಷಿನ್ ಒಂದೇ ಓಡುವಾಗ ಅವರ ತುಟಿ ಅಲುಗುತ್ತದೆ. ನಾನು ಹುಕ್ಕಿನ ಮೇಲಿನ ಕಣ್ಣು ಎತ್ತುವುದಿಲ್ಲ. ಅದು ನಿಂತುಹೋಗುತ್ತದೆ. ಚೀಟಿಯ ವಿಷಯ ಅವರು ಎತ್ತಿಲ್ಲ, ನಾನೂ ಕೇಳಿಲ್ಲ. ಆರು ಗಂಟೆಗೆ ಅವರು ಬಾಗಿಲು ಎಳೆದು ಬನಶಂಕರಿಯ ಬಸ್ಸಿಗೆ ಹೋಗುತ್ತಾರೆ. ನಾನು ಮನೆಗೆ ಬಂದು ಕುಕ್ಕರ್ ಇಡುತ್ತೇನೆ.